ಮೆಟ್ಟಿಲು ಸಂಪಾದನೆ: ಒಂದು ಶಾಸ್ತ್ರೀಯ ವಿವೇಚನೆ

ಮರದ ಮೆಟ್ಟಿಲು, ಕಟಕಟೆಗಳ ರಿಪೇರಿಯನ್ನು ಲೋಕ ಇಂದಿನವರೆಗೂ ಬಡಗಿ ಕೆಲಸದ ಲೆಕ್ಕಕ್ಕೇ ಸೇರಿಸಿಕೊಂಡು ಬಂದಿದೆ. ಈ ವರ್ಗೀಕರಣ ಬುಡದಲ್ಲೇ ತಪ್ಪು. ಈ ರಿಪೇರಿ ಗ್ರಂಥಸಂಪಾದನಾಶಾಸ್ತ್ರದ ಶಾಖೆಯೆಂದು ಸ್ಥಾಪಿಸುವುದು, ಆದ್ದರಿಂದ ಮೆಟ್ಟಿಲಿಗೆ ಆಳು ಗೊತ್ತುಮಾಡುವವರು ಸಂಪಾದಕನನ್ನು ಆರಿಸುವ ಕ್ರಮದಲ್ಲೇ ಆರಿಸತಕ್ಕದ್ದೆಂದು ವಿಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ ಬಡಗಿಗಳನ್ನು ಉದ್ದೇಶಿಸಿ ಬರೆದದ್ದಲ್ಲ, ನಿಜ. ಆದರೆ ಓಲೆಗರಿ ಬೇರೆ, ಹಲಸಿನ ಹಲಗೆ ಬೇರೆ ಎಂದು ಗೆದ್ದಲು ಯಾವತ್ತೂ ಭೇದ ಎಣಿಸಿಲ್ಲ, ವಿದ್ವಾಂಸರೇಕೆ ಎಣಿಸಬೇಕು?

ಹಳೆಯ ಹೆಂಚಿನ ಮನೆಯ ಉಪ್ಪರಿಗೆ ಮೆಟ್ಟಿಲನ್ನೇ ತೆಗೆದುಕೊಳ್ಳೋಣ. ಕರ್ತೃ ಅಜ್ಞಾತ. ಕಾಲನಿರ್ಣಯಕ್ಕೆ ‘ಅಜ್ಜನ ಮದುವೆಗೆ ಮುಂಚೆ’ ಎಂಬ ಒಂದೇ ಬಾಹ್ಯ ಪ್ರಮಾಣ. ಮೂಲಪಾಠ ತೇಗದ್ದೋ ಹಲಸಿನದ್ದೋ ಆಗಿದ್ದು, ಪಕ್ಕದ ದಪ್ಪ ಹಲಗೆಗಳಲ್ಲಿ ಕಚ್ಚು ಕೊರೆದು, ಮೆಟ್ಟಿಲಿನ ಹಲಗೆ ಕೂರಿಸಿ, ಬೆಣೆ ಬಡಿದು ಬಿಗಿಮಾಡಿದ ರಚನೆ. ಆಮೇಲೆ ಲಿಪಿಕಾರರು ಬಂದರು. ಒಬ್ಬ ಸಡಿಲವಾದಲ್ಲಿ ಮೊಳೆ ಹೊಡೆದ. ಇನ್ನೊಬ್ಬ ಸವೆದ ಅಂಚಿಗೆ ಪ್ಲೈವುಡ್ ತುಂಡು ಅಂಟಿಸಿದ. ಮೂರನೆಯವನು ಇಬ್ಬರ ಕೆಲಸವೂ ಕಾಣದಂತೆ ಎನಾಮೆಲ್ ಬಳಿದ. ಎಲ್ಲರ ಮಂಗಳಾಚರಣೆಯೂ ಒಂದೇ: “ಯಾರ್ ಸಾರ್ ಇದನ್ನ ಮಾಡಿದ್ದು?” ಪಾಮರರು ಇದನ್ನು ಹಿಂದಿನವನ ಮೇಲಿನ ಚಾಡಿ ಎಂದುಕೊಳ್ಳುತ್ತಾರೆ. ಪೂರ್ವಾಚಾರ್ಯರನ್ನು ಖಂಡಿಸದೆ ಸ್ವಮತ ಸ್ಥಾಪಿಸಿದ ಭಾಷ್ಯ ಯಾವ ಶಾಸ್ತ್ರದಲ್ಲಿದೆ? ಹಾಗೆ ಕೇಳದೆ ನೇರ ಕೆಲಸಕ್ಕೆ ಇಳಿದವನ ಪಾಂಡಿತ್ಯದ ಬಗ್ಗೆಯೇ ಅನುಮಾನ ಪಡಬೇಕು.

ಪಾಠಾಂತರಗಳನ್ನು ಓದುವ ಪ್ರಶಸ್ತ ಸ್ಥಳ ಕೈಹಿಡಿಯ ಕೆಳಮೈ. ಬಣ್ಣ ಬಳಿದವರು ಅಲ್ಲಿ ಕುಂಚ ಎಳೆದದ್ದುಂಟು, ಉಜ್ಜಿದ್ದಿಲ್ಲ. ಗಾಜಿನ ಚೂರಿನಿಂದ ಒಂದಂಗುಲ ಹೆರೆದರೆ ಮೊದಲು ಚಾಕಲೇಟ್ ಬಣ್ಣದ ಎನಾಮೆಲ್ ಸಿಪ್ಪೆಯಾಗಿ ಏಳುತ್ತದೆ. ಅದರಡಿ ಸರ್ಕಾರಿ ಕಚೇರಿಯ ಹಸಿರು, ಅದರಡಿ ನಸುಗೆಂಪು ಪ್ರೈಮರ್, ಕಟ್ಟಕಡೆಗೆ ಜೇನಿನಂತೆ ಕಪ್ಪಿಟ್ಟ ಒಂದು ಪದರ. ಆ ಪದರದ ಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಒತ್ತಿದಾಗ ಅದು ಮೆತ್ತಗಾಗಿ ಬೆರಳಿಗೆ ಅಂಟಿದರೆ ಅರಗಿನ ಪಾಲಿಶ್ ಎಂದು ಸಿದ್ಧ, ಅಂಟದಿದ್ದರೆ ಈಚಿನವರ ಪಿ.ಯು. (ಪಾಲಿಯುರಿಥೇನ್) ಇತ್ಯಾದಿ. ಈ ಪರೀಕ್ಷೆ ಮಾಡದೆ ಅರಗಿನ ಮೇಲೆ ಪಿ.ಯು. ಎಳೆಯುವುದು ಹಳಗನ್ನಡ ಪದ್ಯದ ನಡುವೆ ಸಿನಿಮಾ ಹಾಡಿನ ಸಾಲು ಸೇರಿಸಿದಂತೆ. ಸರಿಯಾಗಿ ಹಿಡಿದು ನಿಲ್ಲುವುದಿಲ್ಲ, ಬರಬರುತ್ತ ಪೊರೆ ಏಳುತ್ತದೆ. ಇದಕ್ಕಿಂತ ಘೋರವಾದದ್ದು ಬೆಲ್ಟ್ ಸ್ಯಾಂಡರ್ ಹಿಡಿದ ಉತ್ಸಾಹಿಯದು. ಅವನು ಪ್ರಕ್ಷಿಪ್ತವನ್ನು ತೆಗೆಯುವ ಭರದಲ್ಲಿ ಮೂಲವನ್ನೂ ತೆಗೆದು, ಕಟಕಟೆಯ ಕಡೆದ ಕಂಬಗಳ ಗೆರೆಗಳನ್ನೆಲ್ಲ ನುಣ್ಣಗೆ ಮಾಡಿ, ‘ಈಗ ಹೇಗೆ ಪಳಪಳ ಅಂತಿದೆ ನೋಡಿ’ ಎನ್ನುತ್ತಾನೆ. ಸಂಪಾದಕನಾದವನು 80ನೆಯ ನಂಬರಿನ ಉಪ್ಪುಕಾಗದದಿಂದ 120, 220 ಎಂದು ಮೆಲ್ಲಗೆ ಏರುತ್ತಾನೆ. ಮರದ ಎಳೆ ಹೋದತ್ತಲೇ ಉಜ್ಜುತ್ತಾನೆ. ಅಡ್ಡ ಉಜ್ಜಿದ ಗೀರು ಬರಿ ಮರದಲ್ಲಿ ಅಡಗಿ ಕೂತಿದ್ದು, ಬಣ್ಣದ ಸ್ಟೇನ್ ಬಿದ್ದಕೂಡಲೇ ಎದ್ದು ಸಾಕ್ಷಿ ಹೇಳುತ್ತದೆ.

ಇನ್ನು ಛಂದಸ್ಸು. ಎರಡು ಎತ್ತರ, ಒಂದು ಅಗಲ ಕೂಡಿದರೆ ಒಂದು ಹೆಜ್ಜೆಯಷ್ಟಾಗಬೇಕೆಂಬ ಸೂತ್ರವನ್ನು ಫ್ರಾನ್ಸಿನ ಬ್ಲೊಂಡೆಲ್ 17ನೆಯ ಶತಮಾನದಲ್ಲೇ ಕೊಟ್ಟ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಯ ಮೆಟ್ಟಿಲಿಗೆ ಕನಿಷ್ಠ 250 ಮಿಲಿಮೀಟರ್ ಅಗಲ, ಗರಿಷ್ಠ 190 ಮಿಲಿಮೀಟರ್ ಎತ್ತರ ವಿಧಿಸುತ್ತದೆ, ಸೂತ್ರದಂತೆ ಕೂಡಿದರೆ 630. ಅಟ್ಟಕ್ಕೆ ಹೋಗುವ ಕಡಿದಾದ ಮೆಟ್ಟಿಲು ಇದನ್ನು ಪಾಲಿಸುವುದಿಲ್ಲವಲ್ಲ ಎಂದರೆ, ಅದು ಆರ್ಷಪ್ರಯೋಗ, ತಿದ್ದತಕ್ಕದ್ದಲ್ಲ. ಕಡಿದಾಗಿದ್ದರೂ ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರುವುದರಿಂದ ಕಾಲು ಗಣ ಹಾಕಿಕೊಂಡು ಕತ್ತಲಲ್ಲೂ ಇಳಿಯುತ್ತದೆ. ಛಂದೋಭಂಗ ಆಗುವುದು ಮನೆಯ ಯಜಮಾನರು ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಹಾಕಿಸಿದಾಗ. ನೆಲ ಒಂದಂಗುಲ ಮೇಲೆದ್ದು, ಕೆಳಗಿನ ಮೆಟ್ಟಿಲು ಒಂದಂಗುಲ ಗಿಡ್ಡಾಗಿ, ಇಳಿದು ಬರುವವರ ಕಾಲು ಇನ್ನೂ ಗಾಳಿಯಲ್ಲಿರಬೇಕಾದ ಹೊತ್ತಿಗೆ ಧೊಪ್ಪನೆ ನೆಲಕ್ಕೆ ಬಡಿಯುತ್ತದೆ. ಇದನ್ನು ಪಾಲಿಶ್ ಸರಿಮಾಡಲಾರದು. ಆದ್ದರಿಂದ ರೇಟು ಹೇಳುವ ಮುನ್ನ ಟೇಪು ಹಿಡಿದು ಪ್ರತಿ ಮೆಟ್ಟಿಲಿನ ಎತ್ತರ ಅಳೆಯುವವನೇ ಸಂಪಾದಕ; ಬಾಗಿಲಲ್ಲಿ ನಿಂತೇ ‘ಮ್ಯಾಟ್ ಬೇಕೋ ಗ್ಲಾಸಿ ಬೇಕೋ’ ಎಂದವನು ಬರೀ ಮುದ್ರಕ.

ಕಿರುಗುಟ್ಟುವ ಸದ್ದಿನ ವಿಚಾರದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಕಾರಣ ಮಾತ್ರ ಸ್ಪಷ್ಟ: ಮರ ಬೇಸಿಗೆಯಲ್ಲಿ ಕುಗ್ಗಿ, ಮೊಳೆಯ ಹಿಡಿತ ಸಡಿಲಾಗಿ, ತುಳಿದಾಗಲೆಲ್ಲ ಮೊಳೆ ತೂತಿನೊಳಗೆ ಮೇಲೆ ಕೆಳಗೆ ಜಾರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಮೌನವ್ರತ ಹಿಡಿಯುತ್ತದೆ. ಆಷಾಢದಲ್ಲಿ ಬಂದು ಪರೀಕ್ಷಿಸಿ ‘ಸದ್ದೇನೂ ಇಲ್ವಲ್ಲ ಅಮ್ಮಾವ್ರೇ’ ಎಂದವನು ಒಂದೇ ಹಸ್ತಪ್ರತಿ ನೋಡಿ ತೀರ್ಪು ಕೊಟ್ಟಂತಾಯಿತು. ಪರಿಹಾರ ಕೆಳಗಿನಿಂದ: ಮೊಳೆ ಕಿತ್ತು ಸ್ಕ್ರೂ, ಸಂದಿಗೆ ಅಂಟು ಹಚ್ಚಿದ ಬೆಣೆ. ಇಲ್ಲಿ ಮನೆಯ ಹಿರಿಯರು ಪೂರ್ವಪಕ್ಷ ಎತ್ತುತ್ತಾರೆ: ರಾತ್ರಿ ಹನ್ನೊಂದರ ಮೇಲೆ ಯಾರು ಬಂದರೆಂಬುದು ಆ ಸದ್ದಿನಿಂದಲೇ ತಿಳಿಯುತ್ತದೆ, ಅದನ್ನು ಅಡಗಿಸಿದರೆ ಗತಿಯೇನು? ಆಕ್ಷೇಪ ಗಟ್ಟಿಯಾದದ್ದೇ. ಪ್ರಕ್ಷಿಪ್ತವಾದರೂ ಜನಪ್ರಿಯವಾದ ಪದ್ಯವನ್ನು ಕಂಸದಲ್ಲಿ ಉಳಿಸುವ ಸಂಪ್ರದಾಯವಿರುವುದರಿಂದ ಕಿರುಗುಟ್ಟುವ ಒಂದು ಮೆಟ್ಟಿಲನ್ನು, ಮೂರನೆಯದನ್ನು ಎನ್ನೋಣ, ಹಾಗೇ ಬಿಡಬಹುದು.

‘ಇಷ್ಟೆಲ್ಲ ಯಾಕೆ, ಕಿತ್ತುಹಾಕಿ ಸಿಮೆಂಟು ಗ್ರಾನೈಟು ಹಾಕಿಸಿ’ ಎಂಬುದು ಎರಡನೆಯ ಆಕ್ಷೇಪ. ಇದು ಸಂಪಾದನೆಯ ಬಗೆಗಿನ ಆಕ್ಷೇಪವಲ್ಲ, ಓದಿನ ಬಗೆಗಿನದು, ಉತ್ತರ ಅನಗತ್ಯ. ‘ಯೂಟ್ಯೂಬ್ ನೋಡಿ ನಾವೇ ಮಾಡಿಕೊಳ್ಳಬಹುದಲ್ಲ’ ಎಂಬವರಿಗೆ, ಹಾಗೆ ಶುರುವಾದ ಕೆಲಸಗಳಲ್ಲಿ ಕೈಹಿಡಿಯ ಮೊದಲ ಎರಡಡಿ ಮಾತ್ರ ಹೊಳೆಯುತ್ತಿರುತ್ತದೆ ಎಂದರೆ ಸಾಕು. ಗಂಭೀರವಾದದ್ದು ವಿಳಂಬದ ಆಕ್ಷೇಪ: ವಾರ ಅಂದವನು ತಿಂಗಳು ಮಾಡಿದ. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡ ಮಹಾಭಾರತದ ಪರಿಷ್ಕರಣ ಮುಗಿದದ್ದು 1966ರಲ್ಲಿ. ಹದಿನಾರು ಮೆಟ್ಟಿಲಿಗೆ ಒಂದು ತಿಂಗಳು ಎಂದರೆ ಶಾಸ್ತ್ರದ ದೃಷ್ಟಿಯಲ್ಲಿ ಅವಸರವೇ ಆಯಿತು.

ಪಾಲಿಶ್ ಒಣಗುವಾಗ ಮನೆಯವರು ಉಪ್ಪರಿಗೆಗೆ ಹೋಗುವುದು ಹೇಗೆಂಬ ಪ್ರಶ್ನೆಗೂ ಕಸುಬಿನವರು ಉತ್ತರ ಕಂಡುಕೊಂಡಿದ್ದಾರೆ. ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಮೊದಲು ಪಾಲಿಶ್. ಅವು ಗಟ್ಟಿಯಾಗುವ ತನಕ ಉಳಿದವುಗಳ ಮೇಲೆ ಓಡಾಟ. ಇದು ಎರಡು ಸಂಪುಟಗಳ ಯೋಜನೆ, ಸಮಸಂಖ್ಯೆಯದು ಮೊದಲು, ಬೆಸಸಂಖ್ಯೆಯದು ಆಮೇಲೆ. ಮೊದಲ ಸಂಪುಟ ಸಕಾಲಕ್ಕೆ ಹೊರಬರುತ್ತದೆ, ಹಣವೂ ಮುಕ್ಕಾಲು ಪಾಲು ಸಂದಾಯವಾಗುತ್ತದೆ. ಎರಡನೆಯ ಸಂಪುಟ ಅಚ್ಚಿನಲ್ಲಿದೆ ಎಂದು ಸಂಪಾದಕರು ಫೋನಿನಲ್ಲಿ ತಿಳಿಸುತ್ತಾರೆ.