ಜಾಬ್ರಿಯಾದಲ್ಲಿ ಸೇಡಿನ ಅಭಾವ: ಒಂದು ಅತಿ ಗಂಭೀರ ಅಧ್ಯಯನ

ಕುವೈತಿನ ಹವಲ್ಲಿ ಪ್ರಾಂತ್ಯದಲ್ಲಿ, ನಾಲ್ಕನೇ ಮತ್ತು ಐದನೇ ರಿಂಗ್ ರೋಡುಗಳ ನಡುವೆ ಜಾಬ್ರಿಯಾ ಎಂಬ ಬಡಾವಣೆ ಇದೆ. ಅಲ್ಲಿನ ಕನ್ನಡಿಗರಲ್ಲಿ ಒಬ್ಬರಾದರೂ ಶಾಸ್ತ್ರೋಕ್ತವಾಗಿ ಸೇಡು ತೀರಿಸಿಕೊಂಡ ದಾಖಲೆ ಇಲ್ಲ. ಈ ಶೋಚನೀಯ ಸ್ಥಿತಿಯನ್ನು ವಿದ್ವತ್ ಲೋಕ ಈವರೆಗೆ ಕಡೆಗಣಿಸಿದ್ದರಿಂದ ಪ್ರಸ್ತುತ ಪ್ರಬಂಧ ಅನಿವಾರ್ಯವಾಯಿತು.

ಸೇಡಿಗೆ ಬೇಕಾದ್ದು ಕೋಪ ಎಂಬ ನಂಬಿಕೆ ಹಳೆಯದು. ರೌದ್ರರಸಕ್ಕೆ ಕ್ರೋಧವೇ ಸ್ಥಾಯಿಭಾವ ಎಂದು ಭರತಮುನಿ ಹೇಳಿದ ಮೇಲೆ ಯಾರೂ ಮರುಪರಿಶೀಲನೆಗೆ ಹೋಗಲಿಲ್ಲ. ಪ್ರಬಂಧಕಾರರು ಇದನ್ನು ವಿನಯಪೂರ್ವಕವಾಗಿ ತಳ್ಳಿಹಾಕುತ್ತಾರೆ. ಕೋಪ ಯಾರಿಗೆ ಬರುವುದಿಲ್ಲ? ಸೇಡಿಗೆ ಬೇಕಾದ್ದು ಪುರುಸೊತ್ತು, ಜೊತೆಗೆ ತಕ್ಕ ಸಾಮಗ್ರಿ.

ಪುರುಸೊತ್ತಿಗೆ ಅರಬ್ಬರಿಗಿಂತ ದೊಡ್ಡ ಸಾಕ್ಷಿ ಬೇಡ. ಇಸ್ಲಾಂ ಪೂರ್ವದಲ್ಲಿ ತಗ್ಲಿಬ್ ಕುಲದ ನಾಯಕ ಕುಲೈಬ್, ಬಸೂಸ್ ಎಂಬಾಕೆಯ ಕಡೆಯವರ ಹೆಣ್ಣೊಂಟೆಯೊಂದಕ್ಕೆ ಬಾಣ ಬಿಟ್ಟ. ಬಕರ್ ಕುಲದ ಜಸ್ಸಾಸ್ ಕುಲೈಬನನ್ನೇ ಕೊಂದ. ಕುಲೈಬನ ಸೋದರ ಮುಹಲ್ಹಿಲ್ ಸೇಡಿನ ಕವಿತೆ ಕಟ್ಟುತ್ತ ಯುದ್ಧಕ್ಕೆ ನಿಂತ. ಐತಿಹ್ಯದ ಲೆಕ್ಕದಲ್ಲಿ ಆ ಯುದ್ಧ ನಡೆದದ್ದು 40 ವರ್ಷ. ನಮ್ಮ ಭೀಮಸೇನನೂ ಜೂಜಿನ ಸಭೆಯಲ್ಲಿ ಮಾಡಿದ ಶಪಥವನ್ನು 13 ವರ್ಷ ಕಾಪಿಟ್ಟ. ಜಾಬ್ರಿಯಾದವರಿಗೆ ಅಷ್ಟು ಕಾಲ ಎಲ್ಲಿದೆ? ಅಕಾಮಾ ಎಂಬ ವಾಸದ ಪರವಾನಗಿಯ ನವೀಕರಣದ ಚಿಂತೆಯಲ್ಲಿ ಶಪಥದ ವಾಯಿದೆಯೇ ಮರೆತುಹೋಗುತ್ತದೆ.

ಜನ್ನ ಇದನ್ನು ಮೊದಲೇ ಊಹಿಸಿದಂತಿದೆ. 1209ರ ‘ಯಶೋಧರ ಚರಿತೆ’ಯಲ್ಲಿ ರಾಜನೊಬ್ಬ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆಮೇಲೆ ರಾಣಿ ಅಮೃತಮತಿ ತಾಯಿ ಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಹಿಟ್ಟಿನ ಕೋಳಿಯ ಬಾಕಿ ಅಷ್ಟಕ್ಕೇ ತೀರುವುದಿಲ್ಲ. ನವಿಲು, ನಾಯಿ, ಮೀನು, ಮೊಸಳೆ ಎಂದು ಹುಟ್ಟಿ ಸತ್ತು, ಕೊನೆಗೆ ನಿಜವಾದ ಕೋಳಿಗಳೇ ಆಗಿ ಹುಟ್ಟಬೇಕಾಗುತ್ತದೆ. ಜನ್ಮದಿಂದ ಜನ್ಮಕ್ಕೆ ನವೀಕರಣ, ಶುಲ್ಕವೂ ಇಲ್ಲ, ಪ್ರಾಯೋಜಕನ ಸಹಿಯೂ ಬೇಕಿಲ್ಲ!

ಇನ್ನು ಸಾಮಗ್ರಿ. ಎಡ್ಗರ್ ಅಲನ್ ಪೋ 1846ರಲ್ಲಿ ಪ್ರಕಟಿಸಿದ ‘ದಿ ಕ್ಯಾಸ್ಕ್ ಆಫ್ ಅಮೊಂಟಿಯಾಡೊ’ ಈ ಶಾಸ್ತ್ರದ ಪಠ್ಯಪುಸ್ತಕ. ಮಾಂಟ್ರೆಸರ್ ತನ್ನ ವೈರಿಗೆ ಅಪರೂಪದ ಮದ್ಯದ ಆಸೆ ತೋರಿಸಿ ನೆಲಮಾಳಿಗೆಗೆ ಕರೆದೊಯ್ದು, ಗೋಡೆಗೆ ಸರಪಳಿ ಬಿಗಿದು, ಮುಂದೆ ಕಲ್ಲುಗೋಡೆ ಕಟ್ಟಿ ಮುಗಿಸುತ್ತಾನೆ. ವೈರಿ ಮಾಡಿದ ಅಪಮಾನ ಯಾವುದೆಂದು ಕೊನೆಯವರೆಗೂ ಹೇಳುವುದಿಲ್ಲ. ಕುವೈತಿನಲ್ಲಿ ಮದ್ಯ ನಿಷಿದ್ಧ. ಪ್ರಯೋಗ ಮೊದಲ ಹೆಜ್ಜೆಗೇ ನಿಲ್ಲುತ್ತದೆ. ಮೊಪಾಸಾನ 1883ರ ‘ವೆಂಡೆಟಾ’ದಲ್ಲಿ ಕಾರ್ಸಿಕಾ ದ್ವೀಪದ ಮುದುಕಿಯೊಬ್ಬಳು ಹುಲ್ಲಿನ ಬೆದರುಬೊಂಬೆಯ ಕತ್ತಿಗೆ ರಕ್ತದ ಸಾಸೇಜು ಸುತ್ತಿ, ಉಪವಾಸ ಕೆಡವಿದ ನಾಯಿಯನ್ನು ಅದರ ಮೇಲೆ ಬಿಟ್ಟು, ಮಗನ ಕೊಲೆಗಾರನ ಕತ್ತು ಸೀಳಲು ಮೂರು ತಿಂಗಳು ತರಬೇತಿ ಕೊಡುತ್ತಾಳೆ. ಅದು ಹಂದಿಯ ಸಾಸೇಜು. ಜಾಬ್ರಿಯಾದ ಜಮಯ್ಯಾ ಎಂಬ ಸಹಕಾರಿ ಅಂಗಡಿಯಲ್ಲಿ ಸಿಗದು. ಮೀನಿನಲ್ಲಿ ಆದೀತೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಮದ್ಯವೂ ಮಾಂಸವೂ ಬೇಡದ ರನ್ನನ ‘ಗದಾಯುದ್ಧ’ವನ್ನು ಆರಿಸೋಣವೆಂದರೆ ಹವಾಮಾನ ಅಡ್ಡ ಬರುತ್ತದೆ. ಭೀಮನ ಗರ್ಜನೆ ಕೇಳಿ, ವೈಶಂಪಾಯನ ಸರೋವರದ ನೀರಿನಲ್ಲಿ ಮುಳುಗಿದ್ದ ದುರ್ಯೋಧನನ ಮೈ ಬೆವರುತ್ತದೆ. ಸಾವಿರ ವರ್ಷದಿಂದ ಪಂಡಿತರು ತಲೆದೂಗಿದ ಸಂದರ್ಭ ಅದು. ಜುಲೈ ತಿಂಗಳ ಜಾಬ್ರಿಯಾದಲ್ಲಿ ಅದು ಚಮತ್ಕಾರವೇ ಅಲ್ಲ. ತಾರಸಿಯ ಟ್ಯಾಂಕಿನಿಂದ ಬರುವ ನಲ್ಲಿನೀರು ಸುಡುತ್ತದೆ. ಗೀಸರ್ ಆರಿಸಿಟ್ಟು, ಅದರಲ್ಲಿ ತಣಿದ ನೀರಿನಿಂದ ಸ್ನಾನ ಮಾಡುವ ಸಂಸಾರಕ್ಕೆ ದುರ್ಯೋಧನನ ಬೆವರು ಮನೆಮನೆಯ ಅನುಭವ. ಭೀಮನ ಅಗತ್ಯವೇ ಇಲ್ಲ.

ಅಪಮಾನಗಳಿಗೇನೂ ಬರವಿಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ನೆರಳಿನ ಪಾರ್ಕಿಂಗ್ ಜಾಗವನ್ನು ಪಕ್ಕದ ಫ್ಲಾಟಿನವರು ಹೊಡೆದುಕೊಳ್ಳುವುದು, ಕೋಸಂಬರಿ ತುಂಬಿ ಕೊಟ್ಟ ಸ್ಟೀಲ್ ಡಬ್ಬಿ ಮರಳದಿರುವುದು, ಎಲ್ಲಕ್ಕೂ ಮಿಗಿಲಾಗಿ ರಾಜ್ಯೋತ್ಸವದ ವಂದನಾರ್ಪಣೆಯಲ್ಲಿ ಹೆಸರು ಬಿಟ್ಟುಹೋಗುವುದು: ಒಂದು ಒಂಟೆಗೆ ಇವು ಯಾವುದರಲ್ಲೂ ಕಡಿಮೆಯಿಲ್ಲ. ಮುಂದಿನ ವರ್ಷ ಮೈಕು ಸಿಕ್ಕಾಗ ಎದುರಾಳಿಯ ಹೆಸರು ಬಿಡುವ ಪದ್ಧತಿಯೂ ಉಂಟು. ಇದನ್ನು ಸೇಡೆಂದು ಮಾನ್ಯ ಮಾಡಲಾಗದು. ಹೊಡೆದವರು ಯಾರೆಂದು ಹೊಡೆತ ತಿಂದವನಿಗೆ ಗೊತ್ತಾಗಬೇಕೆಂಬುದು ಮಾಂಟ್ರೆಸರನ ನಿಯಮ. ವಂದನಾರ್ಪಣೆಯ ಹೊತ್ತಿಗೆ ಆತ ಊಟದ ಸಾಲಿನಲ್ಲಿರುತ್ತಾನೆ.

ಪ್ರಬಂಧಕ್ಕೆ ಎದುರಾದ ಒಂದೇ ತೊಡಕೆಂದರೆ ತಾರೆಕ್ ರಜಬ್ ವಸ್ತುಸಂಗ್ರಹಾಲಯ. 1980ರಲ್ಲಿ ಜಾಬ್ರಿಯಾದಲ್ಲಿ ಆರಂಭವಾದ ಈ ಖಾಸಗಿ ಸಂಗ್ರಹದಲ್ಲಿ ಹಸ್ತಪ್ರತಿ, ಆಭರಣ, ಉಡುಪು, ಕುಂಭಕಲೆ ಎಲ್ಲವೂ ನೆಲಮಾಳಿಗೆಯಲ್ಲಿವೆ. 1990ರ ಆಗಸ್ಟಿನಲ್ಲಿ ಇರಾಕಿ ಸೇನೆ ನುಗ್ಗಿದಾಗ ಮನೆಯವರು ಮೆಟ್ಟಿಲ ಬುಡದ ಬಾಗಿಲಿಗೆ ಇಟ್ಟಿಗೆ ಗೋಡೆ ಕಟ್ಟಿ, ಮೆಟ್ಟಿಲ ಮೇಲೆಲ್ಲ ಕಸ ಚೆಲ್ಲಿದರು. ನೆಲಮಾಳಿಗೆ, ಗೋಡೆ, ಗುಟ್ಟು: ಪೋ ಹೇಳಿದ್ದೆಲ್ಲ ಇತ್ತು, ಒಳಗೆ ವೈರಿ ಮಾತ್ರ ಇರಲಿಲ್ಲ. ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಗಿ ಸುಟ್ಟುಹೋಯಿತು. ಜಾಬ್ರಿಯಾದ ಸಂಗ್ರಹ ಹಾಗೆಯೇ ಉಳಿಯಿತು.

ಇದು ಸೇಡೋ ಅಲ್ಲವೋ ಎಂದು ತೀರ್ಮಾನಿಸಲು ಪ್ರಬಂಧಕಾರರಿಗೆ ಒಂದು ಶುಕ್ರವಾರ ಸಾಲದು. ಅಲ್ಲಿಯವರೆಗೆ ಡಬ್ಬಿ ಇಟ್ಟುಕೊಂಡವರು ದಯವಿಟ್ಟು ಹಿಂದಿರುಗಿಸಿ.