ಭಗ್ನಾನುಪಾತ ಸಿದ್ಧಾಂತ: ಸ್ನಾತಕೋತ್ತರ ಕಲಾ ಇತಿಹಾಸಕ್ಕೊಂದು ಪೀಠಿಕೆ

ಸ್ನಾತಕೋತ್ತರ ಹಂತದಲ್ಲಿ ಕಲಾ ಇತಿಹಾಸ ಓದುವವರು ಕಲಾಕೃತಿಗಳನ್ನು ಅಭ್ಯಾಸ ಮಾಡುತ್ತಾರೆ ಎಂಬ ನಂಬಿಕೆ ಪ್ರವೇಶದ ಅರ್ಜಿ ತುಂಬುವವರಲ್ಲಿ ಬಲವಾಗಿದೆ. ಅದು ನಿರಾಧಾರವೆಂದು ಸ್ಥಾಪಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ನಮ್ಮ ಪ್ರಮೇಯ ಇಷ್ಟೇ: ಶಿಲ್ಪ ಎಷ್ಟು ಮುಕ್ಕಾಗಿದೆಯೋ ಅದರ ಮೇಲಿನ ಪ್ರಬಂಧ ಅಷ್ಟು ದಪ್ಪ. ಪ್ರಮಾಣಗಳಿಗೆ ಕೊರತೆಯಿಲ್ಲ. ಮೆಲೋಸ್ ದ್ವೀಪದಲ್ಲಿ 1820ರಲ್ಲಿ ಸಿಕ್ಕ ವೀನಸ್ಸಿಗೆ ತೋಳುಗಳು ಉಳಿದಿದ್ದರೆ ಆಕೆ ಏನು ಮಾಡುತ್ತಿದ್ದಾಳೆಂಬುದು ದಾರಿಹೋಕರಿಗೂ ತಿಳಿದುಬಿಡುತ್ತಿತ್ತು. ತೋಳುಗಳಿಲ್ಲವಾಗಿ ಆಕೆ ಸೇಬು ಹಿಡಿದಿದ್ದಾಳೆ, ಗುರಾಣಿ ಎತ್ತಿದ್ದಾಳೆ, ನೂಲನ್ನೂ ತೆಗೆಯುತ್ತಿದ್ದಾಳೆ. ಇರುವ ಎರಡು ಕೈಗಳಿಂದ ಇಷ್ಟು ಕೆಲಸ ಸಾಧ್ಯವಾಗುತ್ತಿರಲಿಲ್ಲ. ಐಹೊಳೆಯ ದುರ್ಗದ ಗುಡಿಯಲ್ಲಿ ಮೂಲಮೂರ್ತಿಯಿಲ್ಲ. ಹಾಗಾಗಿ ಸೂರ್ಯ, ವಿಷ್ಣು, ಶಿವ ಮೂವರೂ ವಿದ್ವಾಂಸರ ಶಿಫಾರಸು ಹಿಡಿದು ಗರ್ಭಗುಡಿಯ ಬಾಗಿಲಲ್ಲಿ ಕಾದಿದ್ದಾರೆ. ಅಲ್ಲಿನ ಲಾಡಖಾನ್ ಗುಡಿಯಂತೂ ಹಳೆಯ ಪುಸ್ತಕಗಳಲ್ಲಿ 5ನೇ ಶತಮಾನದ್ದು, ಈಚಿನವುಗಳಲ್ಲಿ 7ನೆಯದೋ 8ನೆಯದೋ. ಒಂದು ಕಲ್ಲೂ ಅಲುಗದೆ ಇನ್ನೂರು ವರ್ಷಕ್ಕೂ ಮಿಕ್ಕಿ ಪ್ರಾಯ ಇಳಿಸಿಕೊಳ್ಳುವ ಈ ಭಾಗ್ಯ, ಹುಟ್ಟಿದ ದಿನಾಂಕ ಕಳೆದುಕೊಂಡವರಿಗೆ ಮಾತ್ರ ಲಭ್ಯ.

ಇದಕ್ಕೆ ಪೂರ್ವಪಕ್ಷವುಂಟು. ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನೇ ಕಲ್ಲಿನಲ್ಲಿ ಕೊರೆದಿದ್ದಾರೆ. ಅಲ್ಲಿ ಕಳೆದುಹೋದದ್ದೇನು ಎಂದು ಕೇಳಬಹುದು. ಪ್ರಶ್ನೆ ಗಂಭೀರವಾಗಿದೆ, ಆದರೆ ನಮ್ಮ ಪರವಾಗಿದೆ. ಬೇಲೂರಿನಲ್ಲಿ ಸಹಿ ಹಾಕಿದ ಬಳ್ಳಿಗಾವೆಯ ದಾಸೋಜನನ್ನು ಬಲ್ಲವರು ವಿರಳ. ಅಲ್ಲಿ ಸಹಿಯನ್ನೇ ಹಾಕದ ಜಕಣಾಚಾರಿಯನ್ನು ಅರಿಯದ ಕನ್ನಡಿಗರಿಲ್ಲ, ಸರ್ಕಾರ ಅವನ ಹೆಸರಿನಲ್ಲಿ ಪ್ರಶಸ್ತಿಯನ್ನೂ ಕೊಡುತ್ತದೆ. ಇನ್ನು ಮಲ್ಲಿತಮ್ಮನ ಸಹಿ 1196ರ ಅಮೃತಾಪುರದಿಂದ ಹಿಡಿದು 13ನೇ ಶತಮಾನದ ಉತ್ತರಾರ್ಧದ ಸೋಮನಾಥಪುರದವರೆಗೆ ಹಬ್ಬಿದೆ. ಅರವತ್ತಕ್ಕೂ ಹೆಚ್ಚು ವರ್ಷ ಉಳಿ ಹಿಡಿದವನು ಒಬ್ಬನೇ ಮಲ್ಲಿತಮ್ಮನೋ, ತಾತನ ಹೆಸರಿಟ್ಟುಕೊಂಡ ಮೊಮ್ಮಗನೂ ಉಂಟೋ? ಸಹಿಯಿಲ್ಲದಿದ್ದರೆ ಈ ಸಮಸ್ಯೆ ಹುಟ್ಟುತ್ತಲೇ ಇರಲಿಲ್ಲ. ಮಥುರೆಯ ಕನಿಷ್ಕನಿಗೆ ತಲೆಯಿಲ್ಲ, ಹೆಸರು ಮಾತ್ರ ಸ್ಪಷ್ಟವಾಗಿದೆ. ಆದರೂ ಅವನು ಪಟ್ಟಕ್ಕೆ ಬಂದದ್ದು ಕ್ರಿ.ಶ. 78ರಲ್ಲೋ 127ರಲ್ಲೋ ಎಂದು ತಲೆಯುಳ್ಳವರು ಬಹುಕಾಲ ಬಡಿದಾಡಿದ್ದಾರೆ. ಆದ್ದರಿಂದ ಉಳಿದಿರುವ ಸಾಕ್ಷ್ಯವೂ ಇಲ್ಲದಿರುವ ಸಾಕ್ಷ್ಯದ ಸೇವೆಯಲ್ಲೇ ಇದೆಯೆಂದು ಸಿದ್ಧವಾಯಿತು.

ಎರಡನೆಯ ಆಕ್ಷೇಪ ನೈತಿಕವಾದದ್ದು: ಮುಕ್ಕಾದಷ್ಟೂ ವಿದ್ಯೆ ಬೆಳೆಯುವುದಾದರೆ ವಿದ್ಯಾರ್ಥಿಗಳು ಸುತ್ತಿಗೆ ಹಿಡಿದು ಹಳೇಬೀಡಿಗೆ ಹೊರಡಲಾರರೇ? ಈ ಭಯ ಅನಗತ್ಯ. ಪುರಾತನ ಸ್ಮಾರಕಗಳ 1958ರ ಕಾಯ್ದೆ ಅದಕ್ಕೆ ಶಿಕ್ಷೆ ವಿಧಿಸುತ್ತದೆ. ಮೇಲಾಗಿ ಒಡೆದವನಿಗೆ ಅದು ಹಿಂದೆ ಹೇಗಿತ್ತೆಂದು ಗೊತ್ತಿರುತ್ತದೆ. ಹೀಗೆ ಗೊತ್ತಿರುವುದು ಸಂಶೋಧಕನಿಗಿರಬಾರದ ಅನರ್ಹತೆ. ಈ ಕೆಲಸವನ್ನು ಮಳೆ, ಬಿಸಿಲು ಮತ್ತು ಗೋಡೆಗಳ ಮೇಲೆ ಪ್ರೇಮಿಗಳ ಹೆಸರು ಕೆತ್ತುವ ಪ್ರವಾಸಿಗರಿಗೆ ಬಿಡುವುದೇ ಕ್ಷೇಮ. ಕೊನೆಯವರಂತೂ ಮುಂದಿನ ಶತಮಾನದ ಶಾಸನತಜ್ಞರಿಗೆ ಬೇಕಾದ ಸಾಮಗ್ರಿಯನ್ನು ಈಗಲೇ ಒದಗಿಸುತ್ತಿದ್ದಾರೆ.

ಈ ಸಿದ್ಧಾಂತದಿಂದ ಪಠ್ಯಕ್ರಮಕ್ಕೆ ಒಂದೇ ಶಿಫಾರಸು ಹೊರಡುತ್ತದೆ. ಪೂರ್ಣ ಪ್ರಬಂಧಕ್ಕೆ ಪದವಿ ಕೊಡುವುದು ಶಾಸ್ತ್ರವಿರೋಧಿ. ಸಲ್ಲಿಕೆಗೆ ಮುನ್ನ ಪ್ರತಿಯೊಂದರಿಂದಲೂ ಕೊನೆಯ ಅಧ್ಯಾಯವನ್ನು ತೆಗೆಯತಕ್ಕದ್ದು. ಇದಕ್ಕಾಗಿ ಹೊಸ ಹುದ್ದೆ ಬೇಕಿಲ್ಲ. ವಿಭಾಗದ ಗ್ರಂಥಾಲಯದ ಗೆದ್ದಲುಗಳು ಗೌರವಧನವನ್ನೂ ಬೇಡದೆ ಈ ಸೇವೆಯನ್ನು ಆರಂಭಿಸಿವೆ, ಕಾಯಂ ಮಾಡಿದರೆ ಸಾಕು.