ಜಲಸ್ತಂಭಿತ ವಾಹನ ಮೀಮಾಂಸೆ

ಮಳೆನೀರಿಗೆ ಇಳಿದು ನಡುದಾರಿಯಲ್ಲೇ ಉಸಿರು ಕಟ್ಟಿದ ವಾಹನದ ಕುರಿತು ಬೆಂಗಳೂರಿನಲ್ಲಿ ಮೂರು ದರ್ಶನಗಳು ಪ್ರಚಲಿತವಿವೆ: ನೂಕುವಾದ, ಸೆಲ್ಫುವಾದ ಮತ್ತು 'ನಾನ್ ಆಗ್ಲೇ ಹೇಳ್ದೆ'ವಾದ. ಕೊನೆಯದರ ಆಚಾರ್ಯರು ಬಹುಮಟ್ಟಿಗೆ ಹಿಂದಿನ ಸೀಟಿನಲ್ಲಿ ಆಸೀನರಾಗಿರುತ್ತಾರೆ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರುಗಳು ಜಲಾವೃತವಾಗಿ, ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಏರಿ ಕಚೇರಿಗೆ ತೆರಳಿದಾಗ ಶಾಸ್ತ್ರಕ್ಕೆ ಹೇರಳ ದೃಷ್ಟಾಂತಗಳು ಒದಗಿದವು. ಕಾರು ಗಾಳಿ ಎಳೆಯುವುದು ಮುಂದಿನ ಗ್ರಿಲ್ಲಿನ ಹಿಂದಿನಿಂದ. ಟ್ರ್ಯಾಕ್ಟರಿನ ಕೊಳವೆ ಎತ್ತರದಲ್ಲಿರುತ್ತದೆ. ಬೆಲೆಗೂ ಎತ್ತರಕ್ಕೂ ಸಂಬಂಧವಿಲ್ಲವೆಂಬುದು ಅಂದೇ ಸಿದ್ಧವಾಯಿತು.

ಇನ್ನು ಪ್ರಮಾಣಗಳು. ಮೊದಲನೆಯದು ಅನುಮಾನ: 'ಮುಂದಿನ ಬಸ್ಸು ದಾಟಿತು, ಆದ್ದರಿಂದ ನಾವೂ ದಾಟುತ್ತೇವೆ.' ಇದು ಶುದ್ಧ ಹೇತ್ವಾಭಾಸ. ಬಸ್ಸು ದಾಟಿತೆಂಬುದು ನಿಜ, ಆದರೆ ದಾಟುವಾಗ ಅದು ಎಬ್ಬಿಸಿದ ಅಲೆಯೇ ನಮ್ಮ ಬಾನೆಟ್ಟಿನೊಳಗೆ ನುಗ್ಗಿತು.

ಎರಡನೆಯದು ಪ್ರತ್ಯಕ್ಷ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡುವುದು. ಡಿಪ್‌ಸ್ಟಿಕ್ ಎಳೆದು ನೋಡುವುದು. ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ಮುಂದಿನ ತರ್ಕ ಗ್ಯಾರೇಜಿನಲ್ಲೇ. ಇಷ್ಟು ಸುಲಭವಾದ ಪ್ರಮಾಣವನ್ನು ನಮ್ಮವರು ಆಶ್ರಯಿಸುವುದಿಲ್ಲ; ಬಾನೆಟ್ ಎತ್ತುವುದೇನೋ ಎತ್ತುತ್ತಾರೆ, ಒಳಗೆ ಎಲ್ಲವೂ ಇದೆಯೆಂದು ಖಚಿತಪಡಿಸಿಕೊಂಡು ಮುಚ್ಚುತ್ತಾರೆ.

ಸರ್ವಜನಪ್ರಿಯವಾದದ್ದು ಶಬ್ದಪ್ರಮಾಣ. ಕೀ ತಿರುಗಿಸಿದರೆ ಕರ್ರ್ ಕರ್ರ್ ಎಂದು ತಿರುಗಿಯೂ ಹತ್ತದಿದ್ದರೆ ಕಾಯಿಲ್, ಸೆನ್ಸರ್, ವೈರಿಂಗ್‌ಗಳಲ್ಲೆಲ್ಲೋ ತೇವ ಸೇರಿರಬಹುದು. ಲೈಟು, ಹಾರನ್ನು ಜೋರಾಗಿದ್ದೂ ಒಂದೇ 'ಟಕ್' ಎಂದು ನಿಂತರೆ ಸಂಗತಿ ಘೋರ: ಸಿಲಿಂಡರಿನಲ್ಲಿ ನೀರು ಕೂತಿರಬಹುದು. ಪೆಟ್ರೋಲ್ ಎಂಜಿನ್ ಒಳಗಿನ ಗಾಳಿಯನ್ನು ಸುಮಾರು ಹತ್ತರಲ್ಲೊಂದು ಪಾಲಿಗೆ ಅದುಮುತ್ತದೆ, ಡೀಸೆಲ್ ಎಂಜಿನ್ ಅದಕ್ಕೂ ಹೆಚ್ಚು. ಗಾಳಿ ಸಾಧು, ಅದುಮಿಸಿಕೊಳ್ಳುತ್ತದೆ. ನೀರು ಜಗ್ಗುವುದಿಲ್ಲ. ಪಿಸ್ಟನ್ ಅರ್ಧದಲ್ಲೇ ತಡೆದು ನಿಲ್ಲುತ್ತದೆ, ಒತ್ತಡ ತಾಳಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ರೋಗವನ್ನು ಪರೀಕ್ಷೆಯೇ ಉಲ್ಬಣಗೊಳಿಸುವ ವಿಚಿತ್ರ ವೈದ್ಯಪದ್ಧತಿ ಇದು.

ಹಾಗಾಗಿ ಸಿದ್ಧಾಂತ: ಕೀ ಮುಟ್ಟಬಾರದು. ಬ್ಯಾಟರಿ ಸಂಪರ್ಕ ತೆಗೆದು, ನ್ಯೂಟ್ರಲ್‌ನಲ್ಲಿ ಒಣ ಜಾಗಕ್ಕೆ ತಳ್ಳಿ, ಟೋಯಿಂಗ್ ಗಾಡಿಗೆ ಕಾಯಬೇಕು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕನ್ನು ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದರೆ ಒಳಗಿನ ನೀರು ಪ್ಲಗ್ಗಿನ ತೂತಿನಿಂದ ಚಿಮ್ಮುತ್ತದೆ. ನೂಕುವಾದಿಗಳು ಇಲ್ಲಿ ಆಕ್ಷೇಪವೆತ್ತಿ, ಸೆಕೆಂಡ್ ಗೇರಿಗೆ ಹಾಕಿ ನೂಕಿಸಿ ಕ್ಲಚ್ ಬಿಡೋಣವೆನ್ನುತ್ತಾರೆ. ಆಗಲೂ ತಿರುಗುವುದು ಅದೇ ಎಂಜಿನ್. ಕೆಡಲು ಬ್ಯಾಟರಿಯ ಖರ್ಚಿಲ್ಲ ಎಂಬುದಷ್ಟೇ ಉಳಿತಾಯ. ಆಟೊಮ್ಯಾಟಿಕ್ ಗೇರಿನ ಕಾರುಗಳು ಈ ದರ್ಶನವನ್ನು ಹುಟ್ಟಿನಿಂದಲೇ ನಿರಾಕರಿಸಿವೆ.

ಸಿದ್ಧಾಂತಕ್ಕೆ ಏಕೈಕ ವಿಘ್ನ ದಾರಿಹೋಕ ಆಚಾರ್ಯರು. ಪ್ಯಾಂಟ್ ಮೊಣಕಾಲಿಗೆ ಮಡಚಿ ಪ್ರತ್ಯಕ್ಷರಾಗುವ ಇವರ ಸೂತ್ರ ಒಂದೇ: 'ಇನ್ನೊಂದ್ ಸಲ ಸೆಲ್ಫ್ ಹೊಡೀರಿ ಸಾರ್.' ಎರಡನೆಯ ಸಲ ಆಗದಿದ್ದರೆ ಆಕ್ಸಿಲರೇಟರ್ ಒತ್ತಿ ಹೊಡೆಯಬೇಕು, ಮೂರನೆಯದಕ್ಕೆ ಒತ್ತದೆ.

ಕೊನೆಯಲ್ಲಿ ವಿಮಾಕಾಂಡ. ಎಂಜಿನ್ನಿಗೆ ನೀರು ನುಗ್ಗಿದ ಹಾನಿಯನ್ನು ಸಾಮಾನ್ಯ ಪಾಲಿಸಿಗಳು ಬಹುತೇಕ ಭರಿಸುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಉಪಪುರಾಣವನ್ನು ಬೇರೆ ಹಣ ತೆತ್ತು ಪಡೆದಿರಬೇಕು. ಪಡೆದಿದ್ದರೂ ಸರ್ವೇಯರ್ ಬಂದು ಕೇಳುತ್ತಾನೆ: 'ನೀರಲ್ಲಿ ಆಫ್ ಆದ್ಮೇಲೆ ಮತ್ತೆ ಸ್ಟಾರ್ಟ್ ಮಾಡಿದ್ರಾ?' 'ಅವರು ಹೇಳಿದ್ರು, ಮಾಡ್ದೆ' ಎಂದು ಆಚಾರ್ಯರನ್ನು ಸಾಕ್ಷಿಗೆ ಹುಡುಕಹೊರಟರೆ, ಅವರಾಗಲೇ ಅಂಡರ್‌ಪಾಸಿನಲ್ಲಿ ನಿಂತ ಮುಂದಿನ ಕಾರಿನ ಗಾಜು ಬಡಿಯುತ್ತಿರುತ್ತಾರೆ.